ಬೆರಳು ಹೋಗುವಷ್ಟು ಸಂದು

ಹಾರ್ಲಿಂಜನ್ ಊರಾಚೆ, ಟೆಕ್ಸಸ್ಸಿನ ಬಿಸಿಲು, ತಗಡಿನ ಷೆಡ್ಡು.
ಬೆಳಗಿನ ಹತ್ತಕ್ಕೇ ಸ್ಪ್ಯಾನರು ಮುಟ್ಟಿದರೆ ಚುರ್ರೆನ್ನುತ್ತದೆ.
ಅಣ್ಣ ನೆಮೇಸಿಯೊ
ಹದಿನಾಲ್ಕು ತಿಂಗಳು ಈರುಳ್ಳಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಕೂಡಿಟ್ಟದ್ದೆಲ್ಲ
ಆರು ರಟ್ಟಿನ ಪೆಟ್ಟಿಗೆಯಾಗಿ ಬಂದಿಳಿದಿದೆ:
ಇಪ್ಪತ್ತನಾಲ್ಕು ಇಂಚಿನ ಅಲ್ಯೂಮಿನಿಯಮ್ ಚಕ್ರ,
ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದು, ಅಷ್ಟು ಹೊಳಪು.

ಪಿಕಪ್ಪು ಅಪ್ಪನದು.
ಹಿಂದಿನ ಆಕ್ಸಲಿಗೆ ಜೋಡಿ ಜೋಡಿ, ನಾಲ್ಕು ಚಕ್ರ.
ಇಪ್ಪತ್ತು ಬೇಸಿಗೆ ಕಲ್ಲಂಗಡಿ ಹೊತ್ತು ಸ್ಯಾನ್ ಆಂಟೋನಿಯೊ ಮುಟ್ಟಿಸಿದ್ದು.
ಹೋದ ಚಳಿಗಾಲ ಅಣ್ಣ ಅದರ ಚಾಸಿಯಲ್ಲಿ ಅರ್ಧಚಂದ್ರ ಕೊಯ್ದು
ಆಕ್ಸಲು ಮೇಲೇಳಲು ಜಾಗ ಮಾಡಿದ,
ಕಮಾನು ಪಟ್ಟಾ ಕಿತ್ತು ಗಾಳಿಚೀಲ ಕೂರಿಸಿದ.
ಗಾಳಿ ಬಿಟ್ಟರೆ ಈಗ ಅದು
ಕಾದ ಬಂಡೆಗೆ ಅಂಟಿದ ಉಡ.

ಅಪ್ಪ ಎರಾಕ್ಲಿಯೊ, ಬೋರಲು ಬಕೆಟ್ಟಿನ ಮೇಲೆ ಕೂತು, ಒಂದೇ ಮಾತು:
"ಹಿಂದೆ ನಾಲ್ಕು ಚಕ್ರ ಇಟ್ಟದ್ದು ಹೊರೆಗೆ.
ಹೊಟ್ಟೆ ನೆಲಕ್ಕೆ ಹತ್ತಿದ ಕತ್ತೆ ಏನು ಹೊತ್ತೀತು?"
ಅಣ್ಣ ಜ್ಯಾಕು ಏರಿಸಿದ.

ಹಬ್ಬಿಗೆ ಎಂಟು ಬೋಲ್ಟು, ಚಕ್ರಕ್ಕೆ ಹತ್ತು ತೂತು.
ನಡುವೆ ಅಡಾಪ್ಟರೆಂಬ ದಪ್ಪ ಬಿಲ್ಲೆ,
ಈ ಮುಖದಲ್ಲಿ ಎಂಟರ ಭಾಷೆ, ಆ ಮುಖದಲ್ಲಿ ಹತ್ತರದು.
ಅದರ ಪಾಡು ನನಗೆ ಗೊತ್ತು.
ಒಂಬತ್ತನೆಯ ವಯಸ್ಸಿನಿಂದ ಆಸ್ಪತ್ರೆಯ ಕಿಟಕಿಗಳಲ್ಲಿ
ಅಮ್ಮನ ಮಂಡಿನೋವನ್ನು ಇಂಗ್ಲಿಷಿಗೂ
ಡಾಕ್ಟರ ಬಿಲ್ಲನ್ನು ಸ್ಪ್ಯಾನಿಷಿಗೂ ತಿರುಗಿಸುತ್ತ
ಎರಡೂ ಕಡೆಯಿಂದ ಬಿಗಿಸಿಕೊಂಡವಳು.

ಒಳಚಕ್ರ ಎದೆಯುಬ್ಬಿಸಿ ಮೊದಲು ಕೂರುತ್ತದೆ.
ಹೊರಚಕ್ರ ಅದಕ್ಕೆ ಎದೆಯೊತ್ತಿ
ತನ್ನ ಬೆನ್ನಿನ ಬೋಗುಣಿಯನ್ನಷ್ಟೇ ಲೋಕಕ್ಕೆ ತೋರಿಸುತ್ತದೆ.
ಲೋಹಕ್ಕೆ ಲೋಹ ಒತ್ತಿದರೂ
ರಬ್ಬರಿಗೆ ರಬ್ಬರು ತಾಕಕೂಡದು.
ತಾಕಿದರೆ ಕಾಯುತ್ತವೆ, ಒಂದನ್ನೊಂದು ಸವೆಸುತ್ತವೆ,
ಯಾವುದೋ ಹೆದ್ದಾರಿಯ ನಡುಮಧ್ಯಾಹ್ನ ಸಿಡಿಯುತ್ತವೆ.
ನಡುವೆ ಬೆರಳು ಹೋಗುವಷ್ಟು ಸಂದು ಬೇಕು.
ಅಣ್ಣ ಬೆರಳು ತೂರಿಸಿ ನೋಡಿದ.
ಅಪ್ಪ ಎದ್ದು ಬಂದು ತನ್ನದನ್ನೂ ತೂರಿಸಿದ,
ದಪ್ಪ ಬೆರಳು, ಹೋಯಿತು.
ಏನೂ ಅನ್ನದೆ ಬಕೆಟ್ಟಿಗೆ ಮರಳಿದ.

ಒಳಗಿನದನ್ನು ಯಾರೂ ನೋಡುವುದಿಲ್ಲ.
ಅದನ್ನೂ ಉಜ್ಜಿಯೇ ಕೂರಿಸಿದ್ದ ಅಣ್ಣ, ಹರಕು ಬನಿಯನ್ನಿನಲ್ಲಿ.
ಯಾಕೋ, ಅಂದೆ.
"ನನಗೆ ಗೊತ್ತಿರುತ್ತಲ್ಲ."

ಹಿಂದಿನ ಫೆಂಡರು ಫೈಬರಿನದು. ಒಳ ಅಂಚು ಒಂದೂವರೆ ಇಂಚು ಕೊಯ್ದೆವು.
ಧೂಳು ಕತ್ತಿನೊಳಗಿಳಿದು ನಸುಗುನ್ನಿಯಂತೆ ತುರಿಸಿತು.
ಹತ್ತು ನಟ್ಟು, ಎದುರುಬದುರು, ಸ್ವಲ್ಪ ಸ್ವಲ್ಪ,
ಅದು ನನ್ನ ಪಾಲಿನ ಕೆಲಸ.
ಟಾರ್ಕ್ ಪಾನಾ ಕಟಕ್ ಅನ್ನುವವರೆಗೆ ತೂಗಿ ಎಳೆದು
ಇಳಿಸಿದಾಗ ಸೂರ್ಯ ಕಬ್ಬಿನ ಗದ್ದೆಯ ಮೇಲಿದ್ದ.

ಆಗ ಅಮ್ಮ ಬಂದಳು, ಹುಣಸೆ ಪಾನಕದ ಜಗ್ಗು ಹಿಡಿದು.
ಜಗ್ಗು ನನ್ನ ಕೈಗಿತ್ತು ಬಾಗಿಲು ತೆಗೆದಳು.
ಇಪ್ಪತ್ತು ವರ್ಷ
ಹಾಲಿನ ಕ್ರೇಟು ಇಟ್ಟು, ಅಪ್ಪನ ಕೈ ಸೊಂಟಕ್ಕೆ ಕೊಟ್ಟು,
ಗೊತ್ತಿದ್ದ ಸಂತರನ್ನೆಲ್ಲ ಕರೆಯುತ್ತ ಹತ್ತಿದವಳು
ಅಡುಗೆಮನೆಯ ಕುರ್ಚಿಗೆ ಕೂರುವ ಹಾಗೆ
ಕೂತಳು.
ನಾವು ಮೂವರೂ ಕ್ರೇಟನ್ನು ನೋಡಿದೆವು.
"ಹೂಂ, ಓಡಿಸು" ಅಂದಳು.

ಗೇಟಿನ ತಿರುವು. ಮುಂದಿನ ಬಲಗಾಲಿ.
ಕರ್ರ್ ಅಂತ ರಬ್ಬರು ತಗಡಿಗೆ.
ಆಫ್‌ಸೆಟ್ಟು, ಅಗಲ, ಗಾಳಿಯ ಒತ್ತಡ,
ಎಲ್ಲ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ್ದೆ.
ಅಮ್ಮನನ್ನು ಹಾಕಿರಲಿಲ್ಲ.

ಅಣ್ಣ ಸ್ಟಿಯರಿಂಗಿಗೆ ಹಣೆ ಹಚ್ಚಿದ.
ಅಮ್ಮ ಇಳಿಯಲು ಹೊರಟಳು.
ಅಪ್ಪ ಬಕೆಟ್ಟು ಬಿಟ್ಟೆದ್ದ,
ಕಿವಿಸಂದಿನಿಂದ ಸೀಮೆಸುಣ್ಣ ತೆಗೆದ,
ಗಾಲಿಯ ಪಕ್ಕ ಒಂದು ಮಂಡಿಯೂರಿ, ನನ್ನತ್ತ ಕೈಚಾಚಿ ಗ್ರೈಂಡರು ಕೇಳಿದ.
"ಇಳೀಬೇಡ ಕಣೇ," ಅಂದ,
"ನೀ ಕೂತಿದ್ರೇ ಅಳತೆ ಸಿಗೋದು."

ಅಮ್ಮ ಮತ್ತೆ ಒರಗಿದಳು,
ಕನ್ನಡಿ ತನ್ನ ಕಡೆಗೆ ಹೊರಳಿಸಿ
ತುಟಿಗೆ ಬಣ್ಣ ತೀಡತೊಡಗಿದಳು,
ಕಾಲ ಬುಡದಲ್ಲಿ ಕಿಡಿ ಹಾರುತ್ತಿರಲು.