ಹೆಚ್ಚುವರಿ ಹಾಳೆ

ಮೆಜೆಸ್ಟಿಕ್ಕಿನಿಂದ ಜ್ಞಾನಭಾರತಿಗೆ ನಿಂತೇ ಓದಿದ್ದು
ಮೊದಲ ಎರಡು ಸೆಮಿಸ್ಟರು.
ಒಂದು ಕೈ ಕಂಬಿಗೆ, ಒಂದು ಕೈ ಜೆರಾಕ್ಸಿಗೆ.
ವೆಸ್ಟ್‌ಫೇಲಿಯಾ ಒಪ್ಪಂದದ ಮೇಲೆ
ಯಾರದೋ ಡಬ್ಬಿಯ ಸಾರು ತುಳುಕಿ
ಯುರೋಪಿನ ಗಡಿಗಳೆಲ್ಲ ಹಳದಿ.

ಕನ್ನಡದಲ್ಲೇ ಉತ್ತರ ಬರೆಯುವವರು ನಾವು ಮೂವರು.
ಸಾವರಿನ್ಟಿಗೆ ಸಾರ್ವಭೌಮತ್ವ ಸಿದ್ಧವಾಗಿತ್ತು,
ಹಳೆಯ ಪೇಟದ ನುಸಿಗುಳಿಗೆ ವಾಸನೆ ಸಮೇತ.
ಡಿಟರೆನ್ಸಿಗೆ ಏನೂ ಹೊಂದಲಿಲ್ಲ.
ರಾತ್ರಿ ಅವ್ವನಿಗೆ ಬಿಡಿಸಿ ಹೇಳಿದೆ:
ಹೊಡೆಯೋದಿಲ್ಲ, ಆದರೆ ಹೊಡೆದೇನು ಅಂತ
ಎದುರಿನವನಿಗೆ ಗೊತ್ತಿರಬೇಕು.
ಅವ್ವ ಸೊಪ್ಪು ಸೋಸುತ್ತಲೇ ಅಂದಳು,
'ಕಾಂಪೌಂಡ್ ಮೇಲೆ ಗಾಜಿನ ಚೂರು ನೆಡ್ತಾರಲ್ಲ, ಅದು.
ಬೆಕ್ಕು ಮಾತ್ರ ದಾಟ್ತದೆ.'
ಬರೆದುಕೊಂಡೆ.
ಬೆಕ್ಕಿನ ವಿಷಯ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮುತಸಿಮ್ ಓಮ್‌ಡುರ್ಮನ್ನಿನವನು.
ಎರಡು ನೈಲ್ ಕೂಡುವ ಕಡೆ ಮನೆ ಎಂದು
ನನ್ನ ನೋಟ್‌ಬುಕ್ಕಿನ ಹಿಂದೆ ಬರೆದು ತೋರಿಸಿದ್ದ:
ನೀಲಿ ನೈಲಿಗೆ ನನ್ನ ಪೆನ್ನು,
ಬಿಳಿ ನೈಲಿಗೆ ಖಾಲಿ ಬಿಟ್ಟ ಜಾಗ,
ದಡದಲ್ಲೊಂದು ಚುಕ್ಕಿ.
ಚುಕ್ಕಿ ಈಗ ಇದೆಯೋ ಇಲ್ಲವೋ
ತಂಗಿಯ ಫೋನು ಸಿಕ್ಕ ದಿನ ತಿಳಿಯುತ್ತದೆ.

ಹೆಣ್ಣೂರಿನ ಮನೆ ಓನರು ಪುಟ್ಟಮಾದಯ್ಯನವರು
ಸಿ ಫಾರಮ್ಮಿಗೆ ಸಹಿ ಹಾಕದೆ ತಿಂಗಳು ದೂಡಿದರು.
ದುಭಾಷಿಯಾಗಿ ನಾನು ಹೋದೆ. ಎರಡು ಬಸ್ಸು, ಒಂದು ಆಟೋ.
'ಯಾವ ದೇಶಮ್ಮ ಇವರದು?'
'ಸುಡಾನ್, ಸಾರ್.'
'ಅಲ್ಲಿ ಗಲಾಟೆ ಅಲ್ವಾ?'
'ಹೌದು.'
'ಗಲಾಟೆ ಇಲ್ಲಿಗೆ ಬರಲ್ಲ ತಾನೇ?'
ಇಂಗ್ಲಿಷಿಗೆ ತಿರುಗಿಸುವಾಗ
ಕೊನೆಯದನ್ನು ನುಂಗಿಕೊಂಡೆ;
ಅದು ನನ್ನ ಮೊದಲ ರಾಜತಾಂತ್ರಿಕತೆ.
ಅವನಿಗೆ ಹೇಗೂ ಅರ್ಥವಾಗಿತ್ತು. ನಕ್ಕು,
ಬರುತ್ತಿದ್ದಷ್ಟು ಕನ್ನಡದಲ್ಲಿ,
'ಕಾಫಿ ತುಂಬಾ ಚೆನ್ನಾಗಿದೆ' ಎಂದ.
ಕಾಫಿ ಇನ್ನೂ ಯಾರೂ ಕೊಟ್ಟಿರಲಿಲ್ಲ.
ಒಳಗಿನಿಂದ ಎರಡು ಲೋಟ ಬಂತು. ಆಮೇಲೆ ಸಹಿ.

ಪರೀಕ್ಷೆಯ ದಿನ ಹಾಲಿನಲ್ಲಿ ಮೂರು ಫ್ಯಾನು ತಿರುಗುತ್ತಿದ್ದವು,
ನಾಲ್ಕನೆಯದು ಬರೀ ಸದ್ದು.
'ವಿಫಲ ರಾಷ್ಟ್ರ ಎಂದರೇನು?
ಸೂಕ್ತ ಉದಾಹರಣೆಯೊಂದಿಗೆ ವಿವರಿಸಿ.'
ಹದಿನೈದು ಅಂಕ.
ಉದಾಹರಣೆ ನನ್ನ ಮುಂದಿನ ಬೆಂಚಿನಲ್ಲಿ ಕೂತಿತ್ತು,
ಇಸ್ತ್ರಿ ಹಾಕಿದ ಅಂಗಿಯಲ್ಲಿ,
ಕಾಲರಿನ ಒಳಗೆ ಲಾಂಡ್ರಿಯ ನಂಬರು.

ಲಕ್ಷಣಗಳು ಬಾಯಿಪಾಠ:
ತೆರಿಗೆ ಎತ್ತಲಾರದ್ದು, ಗಡಿ ಕಾಯಲಾರದ್ದು,
ಬಂದೂಕು ಯಾರ್ಯಾರದೋ ಕೈಲಿರುವಂಥದ್ದು.
ಎಂಟು ಅಂಕದಷ್ಟು ಬರೆದು
'ಉದಾಹರಣೆ' ಎಂದು ಎರಡು ಚುಕ್ಕಿ ಇಟ್ಟು ನಿಂತೆ.
ಬೇರೆ ದೇಶ ಹುಡುಕಿದೆ.
ಯಾವುದನ್ನು ಎತ್ತಿಕೊಂಡರೂ ಅಲ್ಲೊಬ್ಬಳು ತಂಗಿ,
ಅವಳ ಕೈಲೊಂದು ಫೋನು, ಅದರಲ್ಲಿ ಒಂದೇ ಕಡ್ಡಿ ಚಾರ್ಜು.
ಐದನೆಯ ಪ್ರಶ್ನೆಗೆ ಹೋದೆ.

ಅಷ್ಟರಲ್ಲಿ ಅವನು ಎದ್ದು ನಿಂತ. 'ಅಡಿಷನಲ್ ಶೀಟ್, ಮೇಡಂ.'
ಸ್ವಲ್ಪ ಹೊತ್ತಿಗೆ ಇನ್ನೊಂದು.
ಮತ್ತೂ ಒಂದು.
ಗಂಟೆಯಾಗುವಾಗ ಅವನಿಗೆ ದಾರ ಸಾಲದೆ
ಹಿಂದೆ ತಿರುಗಿದ;
ಕಟ್ಟಲು ಏನೂ ಇಲ್ಲದ ನಾನು ನನ್ನದನ್ನು ಕೊಟ್ಟೆ.

ಹೊರಗೆ ಬಂದು ಕೇಳಿದೆ, 'ನಾಲ್ಕನೆಯದು?'
'ಬರೆದೆ. ನಮ್ಮ ಬೀದಿಯಿಂದ ಶುರು ಮಾಡಿದೆ.
ಬೇಕರಿ ಯಾವತ್ತು ಮುಚ್ಚಿತು,
ಮೇಷ್ಟರ ಸಂಬಳ ಯಾವತ್ತು ನಿಂತಿತು,
ನಿಂತ ಮೇಲೂ ಯಾರು ಶಾಲೆಯ ಬೀಗ ತೆಗೆದರು.
ಯಾವುದು ವಿಫಲ, ಯಾವುದು ಅಲ್ಲ ಅಂತ
ವಿಂಗಡಿಸುವಷ್ಟರಲ್ಲಿ ಟೈಮ್ ಆಯಿತು. ನೀನು?'
'ಉದಾಹರಣೆ ಬಿಟ್ಟೆ.'
ಒಂದು ಕ್ಷಣ ನನ್ನನ್ನೇ ನೋಡಿದ.
'ನನಗೋಸ್ಕರ ಏಳು ಅಂಕವಾ?' ದನಿಯಲ್ಲಿ ನಗುವಿರಲಿಲ್ಲ.
'ಯಾವತ್ತಾದರೂ ಕೇಳಬಹುದಿತ್ತು.'

ಬಸ್ಸು ಬಂತು. ಹತ್ತಲಿಲ್ಲ.
ಇನ್ನೊಂದು ಬಂತು, ಖಾಲಿ ಸೀಟುಗಳಿದ್ದವು.
ಎರಡು ವರ್ಷ ಒಂದೇ ಕ್ಲಾಸು;
ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು
ಮೊದಲ ಸಲ ಕೇಳಿದೆ
ತಂಗಿಯ ಹೆಸರು.