ಗಡಸು ನೀರಿನ ನೀಲಿ

ಬಾಗಲಕೋಟಿ ನವನಗರದ ನಮ್ಮ ನಳದ ನೀರಿಗೆ
ಬ್ಯಾಳಿ ಬೇಯೂದಿಲ್ಲ,
ತಲಿ ತೊಳಕೊಂಡ್ರ ಕೂದಲ ಸೆಣಬು.
ಆದರ ನನ್ನ ಗಾಜಿನ ಪಟ್ಟಿಗೆ ಇದ ಬೇಕು.
ಹತ್ತು ನಿಮಿಷ ಹರಿಬಿಟ್ರ
ಕೆಂಪಗಿದ್ದದ್ದು ತಣ್ಣಗ
ನೀಲಿ ಆಗತೈತಿ.

ಇಳಕಲ್ಲದಾಗ ಅಪ್ಪನೂ ಹಿಂಗ.
ಬಾವಿ ಬಾವಿಯ ನೀರು ನಾಲಿಗಿಗೆ ಹಚ್ಚಿ
ಇದು ಕೆಂಪಿಗೆ, ಅದು ಕರೀದಕ್ಕ ಅಂತಿದ್ದ.
ರಂಗರೇಜರ ಮನಿ, ಹಂಡೇದಾಗ ಯಾವಾಗಲೂ ಪಟಕ.
“ಪಟಕ ಹಾಕದ ಬಣ್ಣ ಅಂದ್ರ ಬಾಡಿಗಿ ಮಂದಿ,
ಯಾವಾಗರ ಗಂಟು ಕಟ್ಟತಾರ.”
ಸಾಯೂತನಾ ಅವನ ಉಗುರು ನೀಲಿ ಇದ್ದವು.
ನನ್ನ ಬಾಟ್ಲಿಯೊಳಗೂ ಪಟಕ ಐತಿ,
ಯಾವುದೋ ಸೀಮಿಯ ಗಿಡದ ಕೆಚ್ಚಿನ ರಸದ ಜೋಡಿ.
ಅವ ನೂಲು ಅದ್ದಿದ. ನಾ ಕರುಳು ಅದ್ದತೀನಿ.

ಇವತ್ತು ಹದಿನೇಳನೇ ರೋಜಾ.
ಮೊನ್ನೆ ಬರಣಿಯೊಳಗ ಬಂದದ್ದು ಒಂದು ಗೇಣು,
ಹೆಸರು ನಾ ಓದೂದಿಲ್ಲ, ನಂಬರ ಓದತೀನಿ.
ಮ್ಯಾಣದಾಗ ಹೂತು ಬ್ಲೇಡಿಗೆ ಕೊಟ್ಟೆ.
ಸುರುಳಿ ಬಿಟ್ಟಿತು,
ಉಳ್ಳಾಗಡ್ಡಿಯ ಒಳಪೊರಿಗಿಂತ ತೆಳು,
ಉಸಿರು ಬಿಟ್ಟರ ಹಾರೂವಂಥಾದ್ದು.
ಅದಕ್ಕ ಉಸಿರು ಹಿಡದೆ.
ಬೆಚ್ಚನ್ನ ನೀರಿನ ಮ್ಯಾಲ
ನೆರಿಗಿ ತಾನ ಬಿಚ್ಚಿಕೊಂತು.

ಕಣ್ಣು ಇಟ್ಟರ
ಸೆರಗು!
ನಮ್ಮೂರ ಟೋಪ ತೆನಿ ಸೆರಗು.
ಸಾಲಾಗಿ ನಿಂತ ತೆನಿ,
ಒಂದೊಂದರ ನಡುವ ನೆತ್ತರಿನ ಎಳಿ,
ಅದರ ಬಗಲಿಗೆ ಜಿಡ್ಡು ಒಯ್ಯೂ ಸಣ್ಣ ಓಣಿ.
ಅಲ್ಲಲ್ಲಿ ಬಿಳಿ ಹೊಟ್ಟಿಯ ಲೋಟಗಳು,
ಲೋಳಿ ತುಂಬಿಕೊಂಡು, ಇನ್ನೇನು ಚೆಲ್ಲಬೇಕು
ಅನ್ನೂದರಾಗ ನಿಂತುಬಿಟ್ಟಾವ.
ತೆನಿಯ ಬುಡಕ್ಕ ಬಾವಿ.
ತಳದಾಗ ಕೆಂಪು ಕಾಳು ಮಡಿಲಾಗ ಇಟಗೊಂಡ ಕಾವಲಿನವರು.
ಹೊಸ ಕೋಶ ಹುಟ್ಟೂದು ಅಲ್ಲೆ.
ಹತ್ತಿ ಹತ್ತಿ ತುದಿಗೆ ಬರಲಿಕ್ಕೆ ನಾಕೈದು ದಿನ,
ಬಂತು, ಉದುರಿತು.
ನಮಗ ಒಂದು ರಮಜಾನು,
ಅವಕ್ಕ ಆರೇಳು ತಲಿಮಾರು.

ಕುರಹಟ್ಟಿ ಮೇಡಂ ಪಾಠ ಮುಗಿಸಿ ಹೋದ ಮ್ಯಾಲೂ
ಮಗದುಮ್ ಅನ್ನೂ ತೇರದಾಳದ ಹುಡುಗಿ ಒಬ್ಬಾಕಿ ಉಳೀತಾಳ.
“ಅಕ್ಕಾ, ನನಗ ಎಲ್ಲಾ ಬರೇ ಗುಲಾಬಿ ಕಾಣತೈತಿ.”
ಸೀರಿ ನೋಡಿದಂಗ ನೋಡವ್ವ ಅಂದೆ.
ಸೆರಗು ಕಂಡರ ಸಣ್ಣ ಕರುಳು.
ಸೆರಗಿಲ್ಲ, ಒಡಲಿನ ತುಂಬ ತೂತಿನ ಸಾಲು,
ಲೋಟಗಳ ಸಂತಿ, ಅದು ದೊಡ್ಡದು.
ದಡಿ ಎರಡಕ್ಕೂ ಐತಿ: ಒಳಗಿಂದು ಸುತ್ತ, ಹೊರಗಿಂದು ಉದ್ದ.
ಅವೆರಡರ ನಡುವ ನೋಡು,
ಕಟ್ಟಿಗೆ ಕೂತ ಹಿರಿಯರಂಗ ನರದ ಗುಂಪು,
ತಲಿಯ ಅಪ್ಪಣಿ ಕಾಯೂದಿಲ್ಲ ಅವು.
ಆಕಿ ನಕ್ಕಳು. ಬರಕೊಳ್ಳಲಿಲ್ಲ.

ಆಮ್ಯಾಲ ಅದನ್ನ ಕಂಡೆ.
ಎರಡು ತೆನಿಯ ಸಂದ್ಯಾಗ
ಮನಷ್ಯಾಂದು ಅಲ್ಲದ ಒಂದು ಚೂರು,
ದಪ್ಪ ಗ್ವಾಡಿಯ ಮನಿಗಳು ಒತ್ತೊತ್ತಾಗಿ:
ಬದನಿಕಾಯಿ ಬೀಜದ ಸಿಪ್ಪಿ.
ರಿಪೋರ್ಟಿನಾಗ ಇದನ್ನ ಯಾರೂ ಬರೆಯೂದಿಲ್ಲ.
ಎಣಗಾಯಿ ತುಂಬಿದಾಕಿ ಯಾರೋ,
ಎಣ್ಣಿ ಕಡಿಮಿ ಆತಂತ ಆವತ್ತು ಮಾತು ಬಂದಿತ್ತೋ ಏನೋ.
ಆಪರೇಷನ್ ಆದವ ವಾರ್ಡಿನಾಗ ಗಂಜಿ ಕುಡಿಯಾಕತ್ತಾನ,
ಅವನ ಹಿಂದಿನ ಊಟ ನನ್ನ ಕಣ್ಣಾಗ.

ಹೊಟ್ಟಿ ಗುರ್ ಅಂತು, ನಂದು.
ಹುಡುಗಿ ಪಾಪ ಅಂದಳು.
ಪಾಪ ಅಲ್ಲವ್ವಾ, ಮೇಡಂ ಹೇಳ್ಯಾರ,
ಇದು ಅಳೂ ಸಪ್ಪಳಲ್ಲ, ಕಸಬರಿಗಿ.
ಖಾಲಿ ಇದ್ದಾಗಷ್ಟ ಏಳತೈತಿ,
ಒಂದೂವರಿ ತಾಸಿಗೊಮ್ಮೆ
ಮ್ಯಾಲಿಂದ ಕೆಳತನಾ ಉಡುಗಿಕೋತ ಹೊಕ್ಕೈತಿ.
ತುಂಬಿದ ಮನ್ಯಾಗ ಯಾರು ಕಸ ಹೊಡೀತಾರ?

ಗಾಜು ಮುಚ್ಚಿದೆ, ನಂಬರ ಬರದೆ.
ಹೊತ್ತು ಮುಣಗಿತು, ದೂರದಿಂದ ಕೂಗು ಕೇಳಿಸ್ತು.
ನೀಲಿ ಉಗುರಿನಾಗ ಒಂದು ಖಜೂರ ಹಿಡದು
ಬಿಸ್ಮಿಲ್ಲಾ ಅಂದು ಬಾಯಾಗ ಇಟ್ಟೆ.
ಹುಡುಗಿ ತನ್ನ ನೀರಿನ ಬಾಟ್ಲಿ ಮುಂದ ಮಾಡಿದಳು,
ನುಂಗೂದನ್ನ ನೋಡಿಕೋತ ಕೇಳಿದಳು:
“ಈಗ ಎಲ್ಲಿಗೆ ಮುಟ್ಟಿತು ಅಕ್ಕಾ?”

ತಡೀ ಅಂದೆ.
ಇನ್ನಾ ಸೆರಗಿಗೆ ಬಂದಿಲ್ಲ.