ಸ್ಲೈಡ್ ನಲವತ್ತೊಂದು

ಹಾಜರಿ ಕರೆಯುತ್ತ ಡಾಕ್ಟರ್ ಹಾತೆಮ್ ನನ್ನ ಹೆಸರಿನಲ್ಲಿ ನಿಂತರು:
"ಮಿಸ್ರಿಯಾ! ಅಂದರೆ ಈಜಿಪ್ಟಿನವಳು. ನಮ್ಮೂರವಳೇನು?"
ಅಲ್ಲ ಸರ್, ಉಪ್ಪಿನಂಗಡಿ ಕಡೆ.
"ಅಲ್ಲೂ ನದಿ ಇದೆಯಾ?"
ಎರಡಿವೆ, ಅಂದೆ.
ಇಡೀ ಸೆಮಿಸ್ಟರಿಗೆ ಅಷ್ಟೇ ನಮ್ಮ ಮಾತುಕತೆ.
ಆಮೇಲೆ ಪರದೆ ಇಳಿಯಿತು.

ಐವತ್ತು ನಿಮಿಷ, ಅರವತ್ತೆರಡು ಸ್ಲೈಡು.
ಹಿಂಬಾಗಿಲಿಂದ ಯಾರೋ ನುಗ್ಗುತ್ತಾರೆ,
ಬ್ರೋಮಿನ್ ಎದ್ದು ಹೊರಡುತ್ತದೆ,
ಯಾಕೆ ಎಂದು ಕೇಳುವಷ್ಟರಲ್ಲಿ ಜಾಗ ಭರ್ತಿ,
ಸೊಹಾರಿನ ಕೋಣೆಗಳಲ್ಲಿ ವೀಸಾ ಮುಗಿದವನ ಮಂಚಕ್ಕೆ
ಹಾಸಿಗೆ ಆರುವ ಮೊದಲೇ ಹೊಸಬ ಬಂದಂತೆ.
"ಬಾಯಿಪಾಠ ಬೇಡ, ಅರ್ಥ ಮಾಡಿಕೊಳ್ಳಿ" ಎನ್ನುತ್ತಾರೆ.
ಪರೀಕ್ಷೆಯಲ್ಲಿ ನಲವತ್ತು ಬಾಣ,
ಪ್ರತಿ ಬಾಣದ ತಲೆಯ ಮೇಲೊಂದು ಖಾಲಿ ಜಾಗ.

ಕಳೆದ ವರ್ಷ ನನಗೆ ಮೂವತ್ತೆಂಟು.

ಮಾಡೆಲ್ ಕಿಟ್ಟಿಗೆ ಹನ್ನೊಂದು ರಿಯಾಲು.
ನಾನು ನೆನೆಸಿದ ಕಡಲೆಗೆ ಹಲ್ಲುಕಡ್ಡಿ ಚುಚ್ಚಿದೆ,
ಒಂದೊಂದು ಕಡಲೆಗೆ ನಾಲ್ಕು ಕೈ.
ನಡುರಾತ್ರಿ ಮೊದಲ ಸಲ ಅದು ಹಾಳೆಯಿಂದೆದ್ದು ಮೇಜಿನ ಮೇಲೆ ನಿಂತಿತು.
ಬೆಳಿಗ್ಗೆ ಉಮ್ಮ, "ಇದು ಪಾಠವೋ ಪದಾರ್ಥವೋ?" ಎಂದವರೇ
ಕಡ್ಡಿ ಕಿತ್ತು
ಬ್ಯೂಟೇನನ್ನು ಕುಕ್ಕರಿಗೆ ಸುರಿದರು.

ಪಕ್ಕದ ಝುವೈನಾಳ ಬಾಣಗಳು ಬಲದಿಂದ ಎಡಕ್ಕೆ ಓಡುತ್ತವೆ,
ಅವಳ ಅಕ್ಷರಗಳ ಹಾದಿಯಲ್ಲೇ.
ಕೆಮಿಸ್ಟ್ರಿ ಸರಿ, ದಿಕ್ಕು ತಪ್ಪು:
ಅರ್ಧ ಅಂಕ ಕಡಿತ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ
ನಲವತ್ತನೇ ಸ್ಲೈಡಿನಲ್ಲಿ ಪ್ರೊಜೆಕ್ಟರಿನ ಬಲ್ಬು ಸುಟ್ಟಿತು.
ಸರ್ ಸುಮ್ಮನೆ ನಿಂತರು, ಕನ್ನಡಕ ಕಳೆದುಕೊಂಡವರಂತೆ.
ಜೇಬು ತಡಕಿದರು. ಮಾರ್ಕರ್ ಇತ್ತು, ಬೋರ್ಡಿರಲಿಲ್ಲ.
ನೇರ ಕಿಟಕಿಗೆ ಹೋಗಿ
ಗಾಜಿನ ಮೇಲೆ ಬರೆಯತೊಡಗಿದರು. ನಿಧಾನ.
ಆರು ಮೂಲೆ, ಒಂದು ಬಾಲ, ನಮ್ಮತ್ತ ಚಾಚಿದ ಒಂದು ದಪ್ಪ ಗೆರೆ.
"ಇದು ಪುದೀನದ ವಾಸನೆ," ಎಂದರು.
ಸಾಲುಮರದ ಖರ್ಜೂರಗಳ ಆಚೆ ರಿಫೈನರಿಯ ಜ್ವಾಲೆ
ಸರಿಯಾಗಿ ಆ ಷಟ್ಕೋನದೊಳಗೆ ಉರಿಯುತ್ತಿತ್ತು.

"ಯಾರಾದರೂ ಹೊರಗೆ ಹೋಗಿ ನೋಡಿ."
ನಾನೂ ಝುವೈನಾಳೂ ಓಡಿದೆವು, ನಲವತ್ತನಾಲ್ಕು ಡಿಗ್ರಿಗೆ.
ಅದೇ ಶಾಯಿ, ಅದೇ ಗೆರೆ,
ಬಾಲ ಮಾತ್ರ ಈಗ ಅವಳ ಕಡೆಗೆ.
"ಈಗ ಅದಕ್ಕೆ ಶಾಜೀರಿಗೆಯ ವಾಸನೆ," ಗಾಜಿನ ಹಿಂದೆ ಸರ್ ತುಟಿ ಆಡಿಸಿದರು.
ಕೇಳಿಸಲಿಲ್ಲ, ತಿಳಿಯಿತು.
ಝುವೈನಾ ನನ್ನ ಕೈ ಹಿಂಡಿದಳು,
ಎಡಗೈಯೋ ಬಲಗೈಯೋ ನೆನಪಿಲ್ಲ.
ಗಾಜಿನೊಳಗೆ ಆ ಮನುಷ್ಯ ನಗುತ್ತಿದ್ದರು.
ನಾವು ಅದನ್ನು ಹಿಂದೆ ನೋಡಿರಲಿಲ್ಲ.

ಮರುದಿನ ಹೊಸ ಬಲ್ಬು ಬಂತು.
ಸ್ಲೈಡ್ ನಲವತ್ತೊಂದು.
ಕಿಟಕಿಯನ್ನು ಯಾರೋ ಒರೆಸಿದ್ದರು,
ಕೈ ಎಟುಕದ ಮೇಲ್ಮೂಲೆಯಲ್ಲಿ ಒಂದು ಬಂಧ
ಎರಡೂ ತುದಿಗೆ ಯಾರೂ ಇಲ್ಲದೆ.

ಈ ಸಲ ನಾನು ಐವತ್ತೇಳು.
ಝುವೈನಾ ಈಗಲೂ ಬಲದಿಂದಲೇ ಶುರು ಮಾಡುತ್ತಾಳೆ.
ಉಮ್ಮ ಕಡಲೆ ನೆನೆಸುವಾಗ
ಒಂದು ಹಿಡಿ ಹೆಚ್ಚು ಹಾಕುತ್ತಾರೆ.